ದೇವರ ಎಡಭುಜದ ದಾಸವಾಳ

ನಾನು ಕಂಡದ್ದನ್ನು ಕಂಡ ಹಾಗೆ, ಕ್ರಮ ತಪ್ಪಿಸದೆ ಹೇಳುತ್ತೇನೆ. ಭೂಮಾಪಕನಾಗಿ ನಿವೃತ್ತನಾದವನಿಗೆ ಬೇರೆ ರೀತಿಯಲ್ಲಿ ಹೇಳಲು ಬರುವುದೂ ಇಲ್ಲ. ಚಾಮರಾಜನಗರದ ಸುತ್ತಮುತ್ತ ನಾನು ಸರಪಳಿ ಎಳೆಯದ ಊರಿಲ್ಲ. ಕುಡುಗೋಲು ಹಿಡಿದ ಅಣ್ಣ, ಗುದ್ದಲಿ ಹಿಡಿದ ತಮ್ಮ, ಇಬ್ಬರ ನಡುವೆ ನಿಂತು "ಇಲ್ಲಿಗೆ ನಿನ್ನದು ಮುಗಿಯಿತು, ಇಲ್ಲಿಂದ ಅವನದು ಶುರು" ಎಂದು ಹೇಳಿ, ಜೀವಸಹಿತ ಮನೆಗೆ ಬಂದು ಊಟ ಮಾಡಿದವನು ನಾನು. ಅಂಥವನು ತನ್ನ ಸ್ವಂತ ಹಿತ್ತಲಿನ ವ್ಯಾಜ್ಯದಲ್ಲಿ ಸೋಲುವುದುಂಟೆ? ಇಲ್ಲ ಎಂದೇ ನಂಬಿದ್ದೆ!

ಇದನ್ನು ಬರೆಯುವಾಗ ಕೈ ನಡುಗುತ್ತಿದೆ. ಅದಕ್ಕೆ ಕಾರಣ ವಯಸ್ಸಲ್ಲ. ಕಾರಣವನ್ನು ಅದರ ಸ್ಥಳ ಬಂದಾಗ ಹೇಳುತ್ತೇನೆ.

ನಮ್ಮ ಮನೆಯ ಹಿಂದೆ ಒಂದು ಸಣ್ಣ ಹಿತ್ತಲಿದೆ. ಮೂಲೆಯಲ್ಲಿ ನನ್ನೆತ್ತರಕ್ಕಿಂತ ಮೇಲೆ ಬೆಳೆದ ದಾಸವಾಳದ ಪೊದೆ, ಅದರ ಪಕ್ಕ ಒಂದು ಸೀಬೆ ಗಿಡ. ನೌಕರಿಯಲ್ಲಿದ್ದಷ್ಟು ದಿನ ಅಲ್ಲಿ ಏನಿದೆ ಎಂದು ನಾನು ನೋಡಿದವನಲ್ಲ. ಊರವರ ಜಮೀನು ಅಳೆಯುವವನಿಗೆ ಸ್ವಂತ ಹಿತ್ತಲು ಕಾಣುವುದಿಲ್ಲ. ನಿವೃತ್ತನಾದ ಮೇಲೆ ಬೆಳಗಿನ ಕಾಫಿ ಲೋಟ ಹಿಡಿದು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂರತೊಡಗಿದೆ. ಆಗ ತಿಳಿಯಿತು, ಹಿತ್ತಲಿನಲ್ಲಿ ಒಂದು ಊರೇ ಇದೆ!

ಮೊದಲು ಕಂಡದ್ದು ಸೂರಕ್ಕಿ. ಹೆಬ್ಬೆರಳಿನಷ್ಟು ಮೈ, ಡೊಂಕಾದ ದಬ್ಬಳದಂಥ ಕೊಕ್ಕು. ಬಿಸಿಲು ಬಿದ್ದರೆ ಗಂಡಿನ ನೆತ್ತಿ ಹಸಿರಾಗಿ ಮಿಂಚುತ್ತದೆ. ದಾಸವಾಳದ ಒಳಗೆ ಮುಂದಿನಿಂದ ಹೋಗದೆ, ಹೂವಿನ ಬುಡಕ್ಕೆ ಪಕ್ಕದಿಂದ ತೂತು ಕೊರೆದು ಮಕರಂದ ಹೀರುತ್ತದೆ, ಬಾಗಿಲು ಬಿಟ್ಟು ಗೋಡೆಗೆ ಕನ್ನ ಹಾಕುವ ಕಳ್ಳನ ಹಾಗೆ. ಕೆಲಸ ಮುಗಿದ ಮೇಲೆ "ಚಿವಿಟ್ ಚಿವಿಟ್" ಎಂದು ತಾನೇ ಊರಿಗೆಲ್ಲ ಸಾರುತ್ತದೆ. ಕಳ್ಳನಾಗಲು ಬೇಕಾದ ಗುಣಗಳಲ್ಲಿ ಬಾಯಿ ಮುಚ್ಚಿಕೊಂಡಿರುವುದೊಂದು ಅದಕ್ಕೆ ಬರಲಿಲ್ಲ.

ಆಮೇಲೆ ಟುವ್ವಿ. ಎಲೆಗೆ ಎಲೆ ಸೇರಿಸಿ ಹೊಲಿಯುವ ಹಕ್ಕಿ. "ಟುವ್ವಿ ಟುವ್ವಿ ಟುವ್ವಿ" ಎಂದು ಅದು ಕೂಗಿದರೆ ಪಕ್ಕದ ಬೀದಿಗೆ ಕೇಳುತ್ತದೆ. ಅಷ್ಟು ಸಣ್ಣ ಮೈಯಿಂದ ಅಷ್ಟು ದೊಡ್ಡ ದನಿ ಬರುವುದನ್ನು ಅದಕ್ಕೆ ಮೊದಲು ನಾನು ಗುಂಡ್ಲುಪೇಟೆಯ ನಮ್ಮ ಭಾವನಲ್ಲಿ ಮಾತ್ರ ಕಂಡಿದ್ದೆ. ಸೀಬೆ ಗಿಡದಲ್ಲಿ ಜುಟ್ಟಿನ ಪಿಕಳಾರ ಜೋಡಿಯೊಂದು ಹಣ್ಣಾದ ಸೀಬೆಗೆ ಜಗಳವಾಡಿ, ಜಗಳದಲ್ಲಿ ಹಣ್ಣು ಕೆಡವಿ, ಆಮೇಲೆ ಎರಡೂ ಮುಖ ಮುಖ ನೋಡಿಕೊಂಡು ಕೂರುತ್ತಿದ್ದವು.

ಇವರೆಲ್ಲರಿಗೂ ಯಜಮಾನನ ಹಾಗೆ ಇದ್ದದ್ದು ಮಡಿವಾಳ ಹಕ್ಕಿ. ಕಪ್ಪು ಕೋಟು, ಬಿಳಿ ಅಂಗಿ, ಎತ್ತಿ ಹಿಡಿದ ಬಾಲ, ಥೇಟ್ ಕೋರ್ಟಿಗೆ ಹೊರಟ ವಕೀಲ. ಬೆಳಗಾಗುವ ಹೊತ್ತಿಗೆ ನಮ್ಮ ನೀರಿನ ಟ್ಯಾಂಕಿನ ಮೇಲೆ ಕೂತು ಅದು ಸಿಳ್ಳೆಯಲ್ಲಿ ಹಾಡುತ್ತಿತ್ತು. ನಾನು ಕೇಳಿ ಕೇಳಿ, ತುಟಿ ಒಣಗುವವರೆಗೆ ಅಭ್ಯಾಸ ಮಾಡಿ, ಅದೇ ಸಿಳ್ಳೆಯನ್ನು ಕಲಿತೆ. ನಾನು ಹೊಡೆದರೆ ಅದು ಉತ್ತರ ಕೊಡುತ್ತಿತ್ತು. ಇನ್ನೊಂದು ಹೊಡೆದರೆ ಟ್ಯಾಂಕಿನಿಂದ ಸೀಬೆ ಗಿಡಕ್ಕೆ ಇಳಿಯುತ್ತಿತ್ತು. ಮತ್ತೊಂದಕ್ಕೆ ನನ್ನ ತಲೆಯ ಮೇಲಿನ ಕೊಂಬೆಗೇ ಬಂದು, ಬಾಲ ಕುಣಿಸಿ, ಎದೆ ಉಬ್ಬಿಸಿ ಹಾಡುತ್ತಿತ್ತು. ಇಷ್ಟು ಪ್ರೀತಿಯಿಂದ ನನ್ನನ್ನು ಮನೆಯವರೇ ಮಾತಾಡಿಸಿರಲಿಲ್ಲ!

ಪಕ್ಕದ ಮನೆಯ ಬಶೀರ್ ಗ್ರಿಲ್ಲು, ಶೀಟು ವೆಲ್ಡಿಂಗ್ ಮಾಡುವವನು. ಒಂದು ದಿನ ಕಾಂಪೌಂಡಿನ ಮೇಲಿಂದ ತಲೆ ತೂರಿಸಿದ.

"ಸಾರ್, ದಿನಾ ಯಾರಿಗೆ ಸಾರ್ ಸಿಳ್ಳೆ?"

"ಹಕ್ಕಿಗೆ ಬಶೀರ್."

"ನಾನೂ ಮನೇಲಿ ಅದನ್ನೇ ಹೇಳ್ದೆ. ಅವ್ರು ನಂಬ್ಲಿಲ್ಲ."

ಇದು ಹೀಗೇ ನಡೆಯುತ್ತಿತ್ತು, ನನ್ನ ಹೆಂಡತಿ ಗೌರಮ್ಮಣ್ಣಿ ಬಟ್ಟೆ ಒಗೆಯುವ ಮಶೀನು ತರಿಸದಿದ್ದರೆ.

ಮಶೀನು ಬಂತು. ಇಡಲು ಜಾಗವಿರಲಿಲ್ಲ. ಬಚ್ಚಲಿನ ಬಾಗಿಲಲ್ಲಿ ಅದು ಹಿಡಿಸಲಿಲ್ಲ. ಅಡುಗೆಮನೆಯಲ್ಲಿ ಅದಿದ್ದರೆ ಗೌರಮ್ಮಣ್ಣಿ ಹಿಡಿಸುತ್ತಿರಲಿಲ್ಲ. ಕೊನೆಗೆ ಹಾಲಿನಲ್ಲಿ ಟೀವಿಯ ಪಕ್ಕ ಸ್ಥಾಪನೆಯಾಯಿತು. ಹಳೆಯ ಮನೆ, ನೆಲ ಸಮವಿಲ್ಲ. ಬಟ್ಟೆ ಹಿಂಡಲು ತಿರುಗುವಾಗ ಮಶೀನು ಗಡಗಡ ನಡುಗುತ್ತ ಮುಂದಕ್ಕೆ ನಡೆಯುತ್ತಿತ್ತು. ಒಮ್ಮೆ ಉಡಿಗಾಲದಿಂದ ಬಂದಿದ್ದ ನೆಂಟರೊಬ್ಬರು ಉಪ್ಪಿಟ್ಟು ತಿನ್ನುತ್ತಿದ್ದಾಗ ಅದು ಅವರ ಎದುರಿಗೇ ಹೋಗಿ ನಿಂತಿತು. ಅವರು ತಟ್ಟೆ ಸಮೇತ ಎದ್ದು ದಾರಿ ಬಿಟ್ಟರು.

ಅವರು ಹೋದ ಮೇಲೆ ಗೌರಮ್ಮಣ್ಣಿ ಸೆರಗು ಸಿಕ್ಕಿಸಿ ನಿಂತಳು.

"ಮಾನ ಓಯ್ತು ಕಣ್ರೀ. ಹಿತ್ಲಲ್ಲಿ ಒಂದು ಶೀಟಿನ ಶೆಡ್ಡು ಹಾಕ್ಸಿ. ಆ ದಾಸವಾಳದ ಪೊದೆ ತಗ್ಸುದ್ರೆ ಸರ್ಯಾಗಿ ಒಂದು ಮಶೀನಿನ ಜಾಗ ಆಯ್ತದೆ."

"ಪೊದೆ ತೆಗೆದರೆ ಹಕ್ಕಿಗಳು ಎಲ್ಲಿಗೆ ಹೋಗಬೇಕು?"

"ನಾನು ಎಲ್ಲಿಗೆ ಓಗ್ಲಿ? ಬಟ್ಟೆ ಒಗ್ಯೋ ಕಲ್ಲಿನ ಮ್ಯಾಲೆ ನೀವು ಕೂತ್ಕಂಡ್ರಿ. ಮಶೀನು ತಂದ್ರೆ ಅದಕ್ಕೂ ಜಾಗ ಇಲ್ಲ. ಸಿಳ್ಳೆ ಹೊಡ್ಕಂಡು ಒಗೀಲಾ?"

ನ್ಯಾಯ ಅವಳ ಕಡೆ ಇತ್ತು. ಅದು ನನಗೂ ಗೊತ್ತಿತ್ತು. ನ್ಯಾಯ ಎದುರಿನವರ ಕಡೆ ಇದ್ದಾಗ ವ್ಯಾಜ್ಯವನ್ನು ಮುಂದೂಡಬೇಕು ಎನ್ನುವುದು ನಾನು ನೌಕರಿಯಲ್ಲಿ ಕಲಿತ ಪಾಠ. ಮುಂದೂಡಿದೆ. ಗೌರಮ್ಮಣ್ಣಿ ನನ್ನನ್ನು ಬಲ್ಲವಳು.

"ಇದು ನಿಮ್ ಕೈಲೂ ಆಗದಿಲ್ಲ, ನನ್ ಕೈಲೂ ಆಗದಿಲ್ಲ. ಹೂ ಕೇಳ್ಬುಡನ. ಅಣ್ಣಯ್ಯ ಬರ್ಲಿ. ಬಲಗಡೆ ಕೊಟ್ರೆ ಶೆಡ್ಡು. ಎಡಗಡೆ ಕೊಟ್ರೆ ಸಾಯೋಗಂಟ ಆ ಪೊದೆಗೆ ನಾನೇ ನೀರು ಉಯ್ತೀನಿ."

ಹೂ ಕೇಳುವುದೆಂದರೆ ನಮ್ಮ ಕಡೆ ಸುಪ್ರೀಂ ಕೋರ್ಟಿಗಿಂತ ಮೇಲೆ. ದೇವರ ಎರಡು ಭುಜಗಳಿಗೂ ಒದ್ದೆ ಹೂ ಅಂಟಿಸಿ, ಪ್ರಶ್ನೆ ಇಟ್ಟು, ಕೈಮುಗಿದು ಕಾಯಬೇಕು. ಬಲಗಡೆಯ ಹೂ ಬಿದ್ದರೆ ಅಪ್ಪಣೆ ಆಯಿತು. ಎಡಗಡೆಯದು ಬಿದ್ದರೆ ಇಲ್ಲ. ಆಮೇಲೆ ಅಪೀಲಿಲ್ಲ. ನನ್ನ ಹೆಂಡತಿಯ ತವರಿನವರು ಎತ್ತು ಕೊಂಡದ್ದು, ಬೋರು ಕೊರೆಸಿದ್ದು, ನನ್ನನ್ನು ಅಳಿಯನಾಗಿ ಮಾಡಿಕೊಂಡದ್ದು ಎಲ್ಲವೂ ಹೀಗೆಯೇ. ಬೋರು ಫೇಲಾದಾಗಲೂ, ನಾನು ಹೀಗಾದಾಗಲೂ ಅವರು ದೇವರನ್ನು ಬೈದವರಲ್ಲ.

ನಾನು ತಕ್ಷಣ ಒಪ್ಪಿದೆ. ಗೌರಮ್ಮಣ್ಣಿಗೆ ಆಶ್ಚರ್ಯವಾಯಿತು. ಆಗಬೇಕಾದದ್ದೇ. ನನ್ನ ಹತ್ತಿರ ಅವಳಿಗೆ ಗೊತ್ತಿಲ್ಲದ ಸಾಕ್ಷಿಯೊಂದಿತ್ತು!

ನಮ್ಮ ದೇವರ ಕೋಣೆಯ ಕಿಟಕಿ ಹಿತ್ತಲಿನ ಕಡೆಗಿದೆ. ದಿನವೂ ಪೂಜೆಯಾಗಿ ಎಲ್ಲರೂ ಆಚೆ ಬಂದ ಮೇಲೆ ಸೂರಕ್ಕಿ ಕಿಟಕಿಯ ಸರಳಿನ ಸಂದಿಯಿಂದ ಒಳಗೆ ಬಂದು, ದೇವರಿಗೆ ಮುಡಿಸಿದ ದಾಸವಾಳಕ್ಕೂ ಕನ್ನ ಹಾಕಿ ಹೋಗುತ್ತಿತ್ತು. ಇದನ್ನು ನಾನೊಬ್ಬನೇ ನೋಡಿದ್ದೆ. ಕಿಟಕಿ ಇರುವುದು ದೇವರ ಎಡಗಡೆ. ದೇವರ ಎಡವೆಂದರೆ ನೋಡುವವರ ಬಲ. ಸರ್ವೆಯವನಾದ ನಾನು ಈ ಲೆಕ್ಕದಲ್ಲಿ ತಪ್ಪಲಿಲ್ಲ. ತಪ್ಪಿದ್ದು ಬೇರೆ ಕಡೆ.

ಎಡಗಡೆಯ ಹೂವಿಗೆ ಮಾತ್ರ ಒಂದು ತೊಟ್ಟು ಬೆಲ್ಲದ ನೀರು ಬಿಟ್ಟು ನೋಡಿದೆ. ಸೂರಕ್ಕಿ ಬಂತು, ನೆಟ್ಟಗೆ ಅದಕ್ಕೇ ಜೋತುಬಿತ್ತು, ಹೂ ಉದುರಿತು. ಮರುದಿನವೂ ಹಾಗೆಯೇ. ನಾನು ಮೋಸ ಮಾಡುತ್ತಿದ್ದೇನೆ ಎಂದು ನನಗೆ ಅನ್ನಿಸಲಿಲ್ಲ. ಪೊದೆ ಹಕ್ಕಿಯದು, ಮೊಕದ್ದಮೆಯೂ ಹಕ್ಕಿಯದು. ಅದರ ಪರವಾಗಿ ಅದೇ ಬಂದು ವಾದಿಸಲಿ. ನಾನು ಬರೀ ಸಮನ್ಸ್ ಕೊಡುವವನು!

ಗೌರಮ್ಮಣ್ಣಿಯ ಅಣ್ಣಯ್ಯ, ಅಂದರೆ ನಮ್ಮ ಭಾವ, ಗುಂಡ್ಲುಪೇಟೆಯಿಂದ ಬೆಳಗಿನ ಬಸ್ಸಿಗೇ ಬಂದಿಳಿದ. ಕಂಕುಳಲ್ಲಿ ಒಂದು ಕುಕ್ಕೆ ತುಂಬ ಅವನ ಹೊಲದ ಚೆಂಡು ಹೂ.

"ದಾಸವಾಳ ಯಾಕೆ ಭಾವ್ನೋರೆ? ಇದ್ನೇ ಮಡಗನ. ನಮ್ ಹೊಲದ್ದು. ಕೇರಳದವ್ರು ಕಾರು ನಿಲ್ಸಿ ಇದರ ಮುಂದೆ ಫೋಟೋ ತೆಗ್ಸ್ಕತರೆ."

ಸೂರಕ್ಕಿ ಚೆಂಡು ಹೂವನ್ನು ಕಣ್ಣೆತ್ತಿಯೂ ನೋಡುವುದಿಲ್ಲ. ಕುಕ್ಕೆಯನ್ನು ಪಕ್ಕಕ್ಕೆ ಸರಿಸಿದೆ. "ಪ್ರಶ್ನೆ ದಾಸವಾಳದ ಪೊದೆಯದು. ಆದ್ದರಿಂದ ದಾಸವಾಳವೇ ಇರಬೇಕು. ಯಾವ ಜಮೀನಿನ ತಕರಾರೋ ಆ ಜಮೀನಿನ ಮಣ್ಣನ್ನೇ ಮುಟ್ಟಿ ಪ್ರಮಾಣ ಮಾಡಿಸುವುದಿಲ್ಲವೆ?" ಎಂದೆ. ಭಾವನಿಗೆ ಇದು ಹಿಡಿಸಿತು. ಚೆಂಡು ಹೂವು ಕೊರಳಿನ ಹಾರವಾಯಿತು, ದಾಸವಾಳ ಭುಜಗಳಿಗೆ ಉಳಿಯಿತು.

ಶೆಡ್ಡಿನ ಅಳತೆಗೆಂದು ಬಶೀರನೂ ಟೇಪು ಹಿಡಿದು ಬಂದಿದ್ದ. ಸಾಕ್ಷಿಗಳೆಲ್ಲ ಸೇರಿದ್ದಾರೆಂದು ಖಚಿತಪಡಿಸಿಕೊಂಡು ನಾನು ಒಂದು ಷರತ್ತನ್ನು ಸ್ಪಷ್ಟ ಮಾಡಿಸಿಕೊಂಡೆ. ನನ್ನ ಇಡೀ ಜೀವಮಾನದಲ್ಲಿ ನಾನು ಇಷ್ಟು ಜಾಗರೂಕತೆಯಿಂದ ತೋಡಿದ ಹಳ್ಳ ಇನ್ನೊಂದಿಲ್ಲ.

"ಭಾವ, ಗಾಳಿ ಬಂದು ಹೂ ಬೀಳಿಸಿದರೆ?"

"ಗಾಳಿ ಯಾರ್ದು? ಅವನ್ದೇಯ."

"ಹಲ್ಲಿ ಓಡಾಡಿ ಬಿದ್ದರೆ?"

"ಹಲ್ಲಿ ಯಾರ್ದು? ಅವನ್ದೇಯ."

"ಅಕಸ್ಮಾತ್ ಒಂದು ಹಕ್ಕಿ ಬಂದು ಬೀಳಿಸಿದರೆ?"

"ಹಕ್ಕಿ ಮಾತ್ರ ಗೌರ್ಮೆಂಟ್ದಾ? ಅದೂ ಅವನ್ದೇಯ!"

"ಬಶೀರ್, ಕೇಳಿಸಿತಲ್ಲ?"

"ಕೇಳಿಸ್ತು ಸಾರ್. ಗಾಳಿ, ಹಲ್ಲಿ, ಹಕ್ಕಿ, ಮೂರೂ ಅವನ್ದೇ."

ಗೌರಮ್ಮಣ್ಣಿ ಅಂದು ಭುಜದವರೆಗೂ ಬರುವ ಹಿತ್ತಾಳೆಯ ದೇವರ ಮುಖವನ್ನು ಹುಣಸೆಹಣ್ಣು ಹಾಕಿ ಉಜ್ಜಿದ್ದಳು. ತಲೆ ಬಾಚಿಕೊಳ್ಳಬಹುದಾದಷ್ಟು ಹೊಳೆಯುತ್ತಿತ್ತು. ಇದನ್ನು ನಾನು ನೋಡಿದೆ. ನೋಡಿ, ಚೆನ್ನಾಗಿದೆ ಎಂದುಕೊಂಡೆ. ಅಷ್ಟೇ ಅಂದುಕೊಂಡೆ!

ವಿಚಾರಣೆಯ ದಿನವೆಂದು ಬೆಲ್ಲವನ್ನು ಧಾರಾಳವಾಗಿ ಹಾಕಿ, ಒಲೆಯ ಮೇಲಿಟ್ಟು, ಗಟ್ಟಿ ಪಾಕವನ್ನೇ ಮಾಡಿದ್ದೆ. ಬಲಗಡೆಗೆಂದು ಭಾವನ ಕೈಗೆ ಸಾದಾ ಹೂ ಕೊಟ್ಟೆ. ಎಡಗಡೆಗೆ ಪಾಕದ ಹೂ ಕೊಟ್ಟೆ.

"ಇದೇನು ಭಾವ್ನೋರೆ, ಇಂಗೆ ಜಿಗುಟಾಗದೆ?"

"ದಾಸವಾಳದ ಲೋಳೆ ಭಾವ."

ಭಾವ ಅದನ್ನು ದೇವರ ಭುಜಕ್ಕೆ ಒತ್ತಿ ಕೂರಿಸಿದ. ಕಣ್ಣು ಮುಚ್ಚಿ, ಹಿತ್ತಲು ನಡುಗುವಂತೆ ಪ್ರಶ್ನೆ ಇಟ್ಟ. "ನಮ್ಮಪ್ಪಾ, ಮಶೀನಿಗೆ ಶೆಡ್ಡು ಹಾಕ್ಬೇಕಂದ್ರೆ ಬಲಗಡೆ ಕೊಡು! ಬ್ಯಾಡಾ ಅಂದ್ರೆ ಎಡಗಡೆ ಕೊಡು!" ಎಲ್ಲರೂ ಕಣ್ಣು ಮುಚ್ಚಿದರು. ನಾನು ಒಂದನ್ನು ಮುಚ್ಚಿದೆ.

ಸೂರಕ್ಕಿ ಬಂತು! ಕಿಟಕಿಯ ಸರಳಿನ ಮೇಲೆ ಕೂತು "ಚಿವಿಟ್" ಎಂದಿತು. ಎಡಗಡೆಯ ಹೂವಿನ ಕಡೆ ಕತ್ತು ಚಾಚಿತು.

ಆಗ ಹಾಲಿನಲ್ಲಿ ಮಶೀನು ತಿರುಗತೊಡಗಿತು.

ಪೂಜೆ ಮುಗಿಯುವಷ್ಟರಲ್ಲಿ ಬಟ್ಟೆಯೂ ಮುಗಿಯಲಿ ಎಂದು ಗೌರಮ್ಮಣ್ಣಿ ಅದನ್ನು ಹಾಕಿಯೇ ಬಂದಿದ್ದಳು. ಗಡಗಡಗಡ! ಈ ಸಲ ಅದು ನೆಂಟರ ಕಡೆ ಹೋಗದೆ ದೇವರ ಕೋಣೆಯ ಕಡೆಗೇ ಹೊರಟಿತು, ತನ್ನ ಕೇಸು ತಾನೇ ಕೇಳಬೇಕೆಂಬಂತೆ. ಬಶೀರ್ ಓಡಿ ಹೋಗಿ ಅದನ್ನು ಎರಡೂ ತೋಳುಗಳಲ್ಲಿ ತಬ್ಬಿ ಹಿಡಿದ. ಸೂರಕ್ಕಿ ಪುರ್ರೆಂದಿತು.

ನನ್ನ ಸಾಕ್ಷಿ ಹಾರಿಹೋಯಿತು! ಹಕ್ಕಿಯನ್ನು ಮತ್ತೆ ಕರೆಯಬೇಕು. ಹೇಗೆ ಕರೆಯುವುದು? ನನಗೆ ಬರುತ್ತಿದ್ದದ್ದು ಒಂದೇ ಸಿಳ್ಳೆ. ಯೋಚಿಸಲಿಲ್ಲ. ಹೊಡೆದುಬಿಟ್ಟೆ.

"ಅಯ್ಯೋ ಸಿವನೇ! ದೇವ್ರ ಮುಂದೆ ಸಿಳ್ಳೆ ಹೊಡಿತರಲ್ಲಪ್ಪಾ!" ಎಂದಳು ಗೌರಮ್ಮಣ್ಣಿ.

"ಸುಮ್ನಿರಮ್ಮಿ, ಭಕ್ತಿ ಒಬ್ಬೊಬ್ರಿಗೆ ಒಂದೊಂದು ತರ," ಎಂದ ಭಾವ, ಕಣ್ಣು ಬಿಡದೆ.

ಕಿಟಕಿಯ ಮೇಲೆ ನೆರಳು ಬಿತ್ತು. ಕಪ್ಪು ಕೋಟು, ಬಿಳಿ ಅಂಗಿ, ಎತ್ತಿ ಹಿಡಿದ ಬಾಲ. ಸಿಳ್ಳೆ ಯಾರದೋ ಅವನೇ ಬಂದಿದ್ದ. ಮಡಿವಾಳ ಹಕ್ಕಿ ನನ್ನನ್ನೊಮ್ಮೆ ನೋಡಿತು. ಅದರ ನೋಟದಲ್ಲಿ ಪ್ರೀತಿಯಿರಲಿಲ್ಲ. ಆಮೇಲೆ ದೇವರ ಹೊಳೆಯುವ ಮುಖವನ್ನು ನೋಡಿತು. ಆ ಹಿತ್ತಾಳೆಯೊಳಗೆ ಕಪ್ಪು ಕೋಟು ತೊಟ್ಟ ಇನ್ನೊಬ್ಬ ಕೂತಿದ್ದ, ಬಾಲ ಎತ್ತಿಕೊಂಡು!

ಆ ಒಂದು ಕ್ಷಣದಲ್ಲಿ ನನಗೆ ಎಲ್ಲವೂ ಅರ್ಥವಾಯಿತು. ಇಷ್ಟು ದಿನ ಈ ಹಕ್ಕಿ ನನ್ನೊಂದಿಗೆ ಹಾಡುತ್ತಿರಲಿಲ್ಲ, ನನ್ನನ್ನು ಬೈಯುತ್ತಿತ್ತು! ಪ್ರತಿದಿನ ಬೆಳಿಗ್ಗೆ ನನ್ನ ತಲೆಯ ಮೇಲೆ ಕೂತು "ಈ ಹಿತ್ತಲು ನನ್ನದು, ಎದ್ದು ಆಚೆ ಹೋಗು" ಎಂದು ನೋಟೀಸು ಓದುತ್ತಿತ್ತು. ನಾನು ಕಾಫಿ ಕುಡಿಯುತ್ತ ತಲೆದೂಗುತ್ತಿದ್ದೆ.

ಅರ್ಥವಾದದ್ದು ತಡವಾಯಿತು. ಹಕ್ಕಿ ಈಟಿಯ ಹಾಗೆ ನುಗ್ಗಿ ದೇವರ ಮುಖಕ್ಕೆ ಟಣ್ ಎಂದು ಕುಕ್ಕಿತು. ಬಲಗಡೆಯ ದಾಸವಾಳ ಉದುರಿತು. ಟಣ್! ಚೆಂಡು ಹೂವಿನ ಹಾರ ಬಲಕ್ಕೆ ಜಾರಿ ಕೆಳಗೆ ಬಿತ್ತು. ಟಣ್! ಕುಂಕುಮದ ಬಟ್ಟಲು ಬಲಕ್ಕೆ ಮಗುಚಿತು. ಕೊನೆಗೆ ಎದುರಾಳಿ ಸೋತನೆಂದು ತೀರ್ಮಾನಿಸಿ, ದೇವರ ತಲೆಯ ಮೇಲೆ ಕೂತು, ಒಂದು ಇಡೀ ಹಾಡು ಹಾಡಿ, ಹೋಗುವಾಗ ಒಂದು ಹಿಕ್ಕೆ ಹಾಕಿತು. ಅದು ಬಿದ್ದದ್ದೂ ಬಲಗಡೆಗೇ!

ಎಡಗಡೆಯ ದಾಸವಾಳ ಕೂದಲೆಳೆಯಷ್ಟೂ ಅಲುಗಲಿಲ್ಲ. ಗಟ್ಟಿ ಪಾಕ ಆರಿ ಬಂದೋಬಸ್ತಾದ ಗೋಂದಾಗಿತ್ತು. ನಾನು ಸರ್ವೆ ಕಲ್ಲನ್ನೂ ಅಷ್ಟು ಭದ್ರವಾಗಿ ನೆಡಿಸಿರಲಿಲ್ಲ.

ಭಾವ ಟಣ್ಣೆಂಬ ಸದ್ದಿಗೇ ಕಣ್ಣು ಬಿಟ್ಟಿದ್ದ. ಅವನ ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು. "ಪಕ್ಸಿ ರೂಪ್ದಲ್ಲಿ ಬಂದ ಕಣಮ್ಮಿ! ನಮ್ ತಾತನ ಕಾಲದಲ್ಲೂ ಇಂಥ ಪ್ರಸಾದ ಆಗಿರ್ಲಿಲ್ಲ! ಹೂ ಕೊಟ್ಟ, ಹಾರ ಕೊಟ್ಟ, ಕುಂಕುಮ ಕೊಟ್ಟ!"

"ಭಾವ, ಅದು ಹಕ್ಕಿ," ಎಂದೆ. "ಅದರ ಪ್ರತಿಬಿಂಬವನ್ನೇ ಇನ್ನೊಂದು ಹಕ್ಕಿ ಅಂದುಕೊಂಡು..."

"ಹಕ್ಕಿ ಯಾರ್ದು ಭಾವ್ನೋರೆ?"

ಹಾಲಿನಿಂದ, ಮಶೀನು ತಬ್ಬಿಕೊಂಡೇ, ಬಶೀರ್ ನಡುಗುವ ದನಿಯಲ್ಲಿ ಹೇಳಿದ. "ಅವನ್ದೇ ಅಂತ ಆವಾಗ್ಲೇ ಆಯ್ತಲ್ಲ ಸಾರ್! ಅಳತೆ ಹಿಡೀಲಾ?"

ಊಟ ಮುಗಿಸಿ ಭಾವ ಬಸ್ಸು ಹತ್ತಿದ ಮೇಲೆ ಗೌರಮ್ಮಣ್ಣಿ ದೇವರ ಕೋಣೆ ಸ್ವಚ್ಛ ಮಾಡಲು ಕೂತಳು. ಎಡಗಡೆಯ ಹೂವನ್ನು ಎಳೆದಳು. ಬರಲಿಲ್ಲ. ಇನ್ನೂ ಎಳೆದಳು. ದೇವರ ಮುಖವೇ ಎದ್ದು ಬಂತು. ಭುಜದ ಮೇಲೆ ಇರುವೆಗಳ ಸಾಲು. ಅವಳು ಬೆರಳನ್ನು ಒಮ್ಮೆ ಮೂಸಿ, ನಾಲಗೆಗೆ ಮುಟ್ಟಿಸಿ, ನಿಧಾನವಾಗಿ ನನ್ನ ಕಡೆ ತಿರುಗಿದಳು.

"ಏನ್ರೀ, ನಮ್ ದೇವ್ರು ಬೆಲ್ಲ ಬೆವರ್ತನಾ?"

ನಾನು ಟೀವಿ ನೋಡುತ್ತಿದ್ದೆ. ಟೀವಿ ಹಾಕಿರಲಿಲ್ಲ.

"ಅಣ್ಣಯ್ಯಂಗೆ ಫೋನ್ ಮಾಡ್ಲಾ?"

"ಬೇಡ."

"ಅಂಗಾರೆ ಪೊದೆ ನೀವೇ ಕಡೀರಿ."

ನಾನೇ ಕಡಿದೆ. ಮಚ್ಚು ಹಿಡಿದ ದಿನ ಸೂರಕ್ಕಿ ಕಾಂಪೌಂಡಿನ ಮೇಲೆ ಕೂತು ನೋಡುತ್ತಿತ್ತು. ಅದರ ಮುಖವನ್ನು ನಾನು ನೋಡಲಿಲ್ಲ. ಬಶೀರ್ ಕಂಬ ನೆಟ್ಟು, ಶೀಟು ಹೊದಿಸಿ, ಮಶೀನಿನ ಪ್ಲಗ್ಗಿಗೆಂದು ಒಂದು ವೈರನ್ನು ಮೇಲಿಂದ ಇಳಿಬಿಟ್ಟು, ಪ್ಲಗ್ಗು ಕೂರಿಸುವ ಕೆಲಸ ಉಳಿಸಿ, ಕುದೇರಿನ ಕಡೆ ಯಾರದೋ ಗೇಟು ಮಾಡಲು ಹೋದ. ಹಿತ್ತಲಿನಲ್ಲಿ ಸದ್ದಿಲ್ಲ. ಕಾಫಿ ಕುಡಿದರೆ ಕಾಫಿಯ ಸದ್ದೇ ಕೇಳಿಸುತ್ತಿತ್ತು. ನಾನು ಅಭ್ಯಾಸಕ್ಕೆ ತುಟಿ ಮುಂದೆ ಮಾಡಿ, ನೆನಪಾಗಿ, ಹಿಂದೆ ತೆಗೆದುಕೊಳ್ಳುತ್ತಿದ್ದೆ.

ಬಶೀರ್ ತಿರುಗಿ ಬರುವಷ್ಟರಲ್ಲಿ ಆ ವೈರಿನ ತುದಿಗೆ ಕಸ ಸುತ್ತಿಕೊಂಡ ಹಾಗೆ ಏನೋ ಕಂಡಿತು. ಹತ್ತಿರ ಹೋದೆ. ಜೇಡರ ಬಲೆ, ಒಣ ನಾರು, ಎಲೆಯ ಚೂರು, ನನ್ನ ಹಳೆಯ ಬನಿಯನ್ನಿನ ನೂಲು. ಮಧ್ಯದಲ್ಲಿ ಒಂದು ಸಣ್ಣ ಬಾಗಿಲು, ಅದಕ್ಕೊಂದು ಸಣ್ಣ ಸೂರು. ಸೂರಿನ ಕೆಳಗಿಂದ ದಬ್ಬಳದಂಥ ಡೊಂಕು ಕೊಕ್ಕು.

ಸೂರಕ್ಕಿ!

"ಗೌರೀ, ಗೌರೀ!" ಎಂದು ಕೂಗಿದೆ. ಅವಳು ಬಂದಳು, ನೋಡಿದಳು. ಸೆರಗಿನ ತುದಿಯಿಂದ ಬಾಯಿ ಮುಚ್ಚಿಕೊಂಡು ಹಿಂದೆ ಹಿಂದೆ ಹೆಜ್ಜೆ ಇಟ್ಟಳು. ಆಮೇಲೆ ಪಿಸುಗುಟ್ಟಿದಳು. "ಕೂಗ್ಬ್ಯಾಡಿ! ಮೊಟ್ಟೆ ಇಟ್ಟಿರ್ತದೆ. ಮರಿ ಹಾರೋಗಂಟ ಈ ಶೆಡ್ಡಿಗೆ ಯಾರೂ ಕಾಲಿಡಂಗಿಲ್ಲ. ನೀವಂತೂ ಇಡ್ಲೇ ಬ್ಯಾಡಿ."

"ಹಾಗಾದರೆ ಮಶೀನು?"

"ಹಾಲಲ್ಲೇ ಇರ್ಲಿ. ಬಾಣಂತಿ ಮನೇಲಿ ಮಶೀನು ತಿರುಗ್ಸ್ತಾರಾ?"

ಭಾವ ಫೋನಿನಲ್ಲಿ ಸುದ್ದಿ ಕೇಳಿ ಮತ್ತೆ ಗದ್ಗದನಾದ. "ಅಪ್ಪಣೆ ಕೊಟ್ಟ ಪಕ್ಸಿನೇ ಬಂದು ಮನೆ ಕಟ್ಕಂಡದೆ ಭಾವ್ನೋರೆ!"

"ಭಾವ, ಅಪ್ಪಣೆ ಕೊಟ್ಟದ್ದು ಮಡಿವಾಳ ಹಕ್ಕಿ. ಇದು ಸೂರಕ್ಕಿ."

"ಅವನಿಗೆ ಒಂದೇ ವೇಷನಾ?"

ನಾನು ಫೋನನ್ನು ಗೌರಮ್ಮಣ್ಣಿಯ ಕೈಗೆ ಕೊಟ್ಟೆ. ಈಗ ಒಗೆಯುವ ಕಲ್ಲಿನ ಮೇಲೆ ಕಾಫಿ ಲೋಟ ಹಿಡಿದು ಕೂರುವವಳು ಗೌರಮ್ಮಣ್ಣಿ. ಸೂರಕ್ಕಿ ಎಷ್ಟು ಸಲ ಬಂತು, ಬಾಯಲ್ಲಿ ಏನು ತಂತು ಎಂದು ನನಗೆ ಅಲ್ಲಿಂದಲೇ ವರದಿ ಬರುತ್ತದೆ. ನಾನು ಹಿತ್ತಲಿಗೆ ಹೋದರೆ ಟ್ಯಾಂಕಿನ ಮೇಲಿನ ವಕೀಲ ಬೈಯುತ್ತಾನೆ, ಅವನು ನಿಲ್ಲಿಸಿದರೆ ಇವಳು ಶುರು ಮಾಡುತ್ತಾಳೆ. ಅಳತೆ ಮಾಡಿ ನೋಡಿದರೆ, ಆ ಹಿತ್ತಲಿನಲ್ಲಿ ನನ್ನದೆಂದು ಉಳಿದದ್ದು ವೈರಿಗೆ ಸುತ್ತಿದ ಬನಿಯನ್ನಿನ ನೂಲು ಮಾತ್ರ.

ಕೈ ನಡುಗುವ ಕಾರಣ ಹೇಳುತ್ತೇನೆಂದಿದ್ದೆ. ಮಶೀನು ನಡೆಯದ ಹಾಗೆ ತಡೆಯಲು ಅದರ ಮೇಲೆ ನನ್ನಷ್ಟು ತೂಕದ ಏನಾದರೊಂದು ಇರಬೇಕೆಂದು ಬಶೀರ್ ಸಲಹೆ ಕೊಟ್ಟ. ನನ್ನಷ್ಟು ತೂಕದ, ಬೇರೆ ಯಾವ ಉಪಯೋಗಕ್ಕೂ ಬಾರದ ವಸ್ತು ಮನೆಯಲ್ಲಿ ಇನ್ನೊಂದು ಸಿಗಲಿಲ್ಲ. ಇದನ್ನು ನಾನು ಬರೆಯುತ್ತಿರುವುದು ಅದರ ಮೇಲೆ ಕೂತು. ಈಗ ಮತ್ತೆ ಬಟ್ಟೆ ಹಿಂಡಲು ತಿರುಗತೊಡಗಿದೆ. ಅಕ್ಷರ ಸೊಟ್ಟಗಾದರೆ ಸೈರಿಸಿಕೊಳ್ಳಿ!